ವಸ್ತುವಿಲ್ಲದ ಕಲೆಯ ಮಾರಾಟ: ಟಿನೊ ಸೆಹಗಲ್ ಕುರಿತು ಅಧ್ಯಯನ ಟಿಪ್ಪಣಿ

ಕಲಾವಿದ ಟಿನೊ ಸೆಹಗಲ್ 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ಜರ್ಮನಿಯಲ್ಲಿ ನೃತ್ಯವನ್ನೂ ಅರ್ಥಶಾಸ್ತ್ರವನ್ನೂ ಓದಿದರು. 2013ರ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಪಡೆದರು. ಉಡುಪಿಯಲ್ಲಿ ನನ್ನೊಂದಿಗೆ ಪರೀಕ್ಷೆಗೆ ಓದುತ್ತಿರುವವರಿಗೆ ಜೀವನ ವಿವರ ಇಷ್ಟು ಸಾಕು. ಅರ್ಥಶಾಸ್ತ್ರದ ಓದನ್ನು ಮಾತ್ರ ಮರೆಯಬಾರದು.

ಅವರ ಕೃತಿಗಳಲ್ಲಿ ಚಿತ್ರವಾಗಲಿ ಶಿಲ್ಪವಾಗಲಿ ಇರುವುದಿಲ್ಲ; ತರಬೇತಿ ಪಡೆದವರಿಗೂ ನೋಡಲು ಬಂದವರಿಗೂ ನಡುವೆ ನಡೆಯುವುದೇ ಕೃತಿ. 2010ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನ ಸುರುಳಿ ಇಳಿಜಾರನ್ನು ಬರಿದಾಗಿಸಿ ‘ದಿಸ್ ಪ್ರೋಗ್ರೆಸ್’ ನಡೆಸಿದರು. ಕೆಳಗೆ ಒಂದು ಮಗು ಎದುರಾಗಿ ‘ಪ್ರಗತಿ ಎಂದರೇನು?’ ಎಂದು ಕೇಳುತ್ತದೆ. ನಾವು ಕೊಟ್ಟ ಉತ್ತರವನ್ನು, ಮೇಲೆ ಎದುರಾಗುವ ಹದಿಹರೆಯದವರಿಗೆ ತನ್ನದೇ ಮಾತಿನಲ್ಲಿ ಒಪ್ಪಿಸುತ್ತದೆ. ಮುಂದೆ ನಡುವಯಸ್ಸಿನವರು, ಕೊನೆಗೆ ಹಿರಿಯರೊಬ್ಬರು ಜೊತೆಯಾಗುತ್ತಾರೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಕಷ್ಟವಾಗದು: ಅಲ್ಲಿಯೂ ಪ್ರಸಂಗ ಮೊದಲೇ ಗೊತ್ತಿದ್ದು, ಅರ್ಥಧಾರಿಯ ಮಾತು ಎದುರು ಅರ್ಥಧಾರಿಯ ಮಾತಿಗೆ ತಕ್ಕಂತೆ ಅಲ್ಲಿಯೇ ಹುಟ್ಟುತ್ತದೆ. ಸೆಹಗಲ್ ಅವರಲ್ಲಿ ಆ ಎದುರಿನ ಸ್ಥಾನ ಪ್ರೇಕ್ಷಕರದು.

ತೊಡಕಿರುವುದು ಮಾರಾಟದಲ್ಲಿ. ವಸ್ತುವಿಲ್ಲವೆಂದ ಮೇಲೆ ಇವರು ಮಾರುಕಟ್ಟೆಯ ವಿರೋಧಿಯೆಂದು ಬರೆದುಬಿಡುವುದು ಸುಲಭ, ಆದರೆ ಅದು ತಪ್ಪು. ಇಬ್ಬರು ಅಪ್ಪಿಕೊಂಡು ಚುಂಬಿಸುತ್ತ ನಿಧಾನವಾಗಿ ಚಲಿಸುವ ಅವರ ‘ಕಿಸ್’ ಕೃತಿಯನ್ನು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಹಣ ಕೊಟ್ಟೇ ಕೊಂಡಿದೆ. ಕೊಂಡದ್ದೇನು? ಆ ಕೃತಿಯನ್ನು ಮತ್ತೆ ನಡೆಸುವ ಹಕ್ಕನ್ನು. ವ್ಯವಹಾರವೆಲ್ಲ ನೋಟರಿಯ ಸಮಕ್ಷಮದಲ್ಲಿ ಬಾಯಿಮಾತಿನಲ್ಲಿಯೇ ಮುಗಿಯುತ್ತದೆ, ಕಾಗದಪತ್ರವಿಲ್ಲ. ಕೃತಿಯನ್ನು ಅವರಿಂದ ಅಧಿಕಾರ ಪಡೆದವರೇ ಸಿದ್ಧಪಡಿಸಬೇಕು, ನಡೆಸಿಕೊಡುವವರಿಗೆ ಒಪ್ಪಿದ ಸಂಭಾವನೆ ಸಲ್ಲಬೇಕು, ಒಂದು ಸಂಜೆಯ ಕಾರ್ಯಕ್ರಮವಾಗಿಸದೆ ವಾರಗಟ್ಟಲೆ ಪ್ರದರ್ಶಿಸಬೇಕು, ಛಾಯಾಚಿತ್ರ ತೆಗೆಯಬಾರದು, ಮರುಮಾರಾಟವೂ ಹೀಗೆಯೇ ಮೌಖಿಕವಾಗಿ ಆಗಬೇಕು ಎಂಬವು ಷರತ್ತುಗಳು.

ಒಪ್ಪಂದವನ್ನು ಬರೆದಿಟ್ಟರೆ ಏನಾಗುತ್ತಿತ್ತೆಂದು ಯೋಚಿಸಿದರೆ ಇದರ ತರ್ಕ ತಿಳಿಯುತ್ತದೆ. ಅಮೆರಿಕದ ಕಲಾವಿದ ಸಾಲ್ ಲೆವಿಟ್ ಅವರ ಭಿತ್ತಿಚಿತ್ರಗಳಿಗೆ ಪ್ರಮಾಣಪತ್ರವೂ ನಕ್ಷೆಯೂ ಇರುತ್ತವೆ. ಗೋಡೆಗೆ ಸುಣ್ಣ ಬಳಿದರೂ ಆ ಕಾಗದ ಉಳಿಯುತ್ತದೆ, ಕೊಂಡವರ ಕಪಾಟಿನಲ್ಲಿ ಅದೇ ವಸ್ತುವಾಗುತ್ತದೆ. ಸೆಹಗಲ್ ಆ ಕಾಗದವನ್ನೂ ತೆಗೆದುಹಾಕಿದರು. ಬೆಲೆ, ಒಡೆತನ, ಮರುಮಾರಾಟ ಮೂರನ್ನೂ ಉಳಿಸಿಕೊಂಡರು. ಹೊಸ ಸರಕನ್ನು ಹುಟ್ಟಿಸದೆಯೂ ಹಣ ಕೈಬದಲಾಯಿಸಬಹುದೆಂದು ತೋರಿಸುವುದು ಅವರ ಉದ್ದೇಶವೆಂದು ನಾನು ಓದಿಕೊಂಡಿದ್ದೇನೆ, ಅರ್ಥಶಾಸ್ತ್ರದ ಓದು ಕಾಣಿಸುವುದೂ ಇಲ್ಲಿಯೇ. ಇದರ ಹೊರೆ ಮ್ಯೂಸಿಯಂ ಸಿಬ್ಬಂದಿಯ ಮೇಲೆ ಬೀಳುತ್ತದೆ: ಕೃತಿ ಹೇಗೆ ನಡೆಯಬೇಕೆಂಬುದನ್ನು ಅವರು ನೆನಪಿನಲ್ಲಿಯೇ ಕಾಪಾಡಿಕೊಂಡು, ಮುಂದೆ ಬರುವವರಿಗೆ ಬಾಯಿಂದ ಬಾಯಿಗೆ ಕಲಿಸಬೇಕಾಗುತ್ತದೆ.