ಅನುದಾನದ ಓವರ್‌ಹೆಡ್: ಜಗಳ ಶೇಕಡಾವಾರಿನದು, ಪೆಟ್ಟು ಬೀಳುವುದು ಲೆಕ್ಕದಲ್ಲಿ

2025ರ ಫೆಬ್ರುವರಿಯ ಒಂದು ಶುಕ್ರವಾರ ಅಮೆರಿಕದ ಎನ್‌ಐಎಚ್ (ಆರೋಗ್ಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ) ಒಂದು ಸೂಚನೆ ಹೊರಡಿಸಿತು. ತಾನು ಕೊಡುವ ಅನುದಾನಗಳಲ್ಲಿ ಓವರ್‌ಹೆಡ್‌ಗೆ, ಅಂದರೆ ಸಂಸ್ಥೆ ನಡೆಸುವ ಸಾಮಾನ್ಯ ಖರ್ಚಿಗೆ, ಇನ್ನು ಮುಂದೆ ಶೇ 15 ಮಾತ್ರ, ಅದೂ ಸೋಮವಾರದಿಂದಲೇ. ಏಪ್ರಿಲ್‌ನಲ್ಲಿ ಬಾಸ್ಟನ್‌ನ ಫೆಡರಲ್ ನ್ಯಾಯಾಲಯ ಅದಕ್ಕೆ ಶಾಶ್ವತ ತಡೆ ಹಾಕಿತು. ಒಪ್ಪಂದವಾದ ದರಗಳನ್ನು ಎನ್‌ಐಎಚ್ ಹೀಗೆ ಬದಲಿಸಬಾರದೆಂಬ ಷರತ್ತನ್ನು ಸಂಸತ್ತು 2018ರಿಂದ ಬಜೆಟ್ ಮಸೂದೆಗಳಲ್ಲೇ ಬರೆದಿಟ್ಟಿತ್ತು. ಇಷ್ಟೊಂದು ಗದ್ದಲ ಯಾಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಟ್ಟಡ, ವಿದ್ಯುತ್, ಲೆಕ್ಕಪತ್ರ ವಿಭಾಗ ಇವೆಲ್ಲ ಯಾವ ಒಂದು ಯೋಜನೆಯ ಖರ್ಚೂ ಅಲ್ಲ, ಇವಿಲ್ಲದೆ ಯಾವ ಯೋಜನೆಯೂ ನಡೆಯುವುದಿಲ್ಲ. ಎರಡನೇ ಮಹಾಯುದ್ಧದ ಕಾಲದ ಗುತ್ತಿಗೆಗಳಲ್ಲಿ ಸರ್ಕಾರ ಈ ಪಾಲನ್ನೂ ಕೊಡತೊಡಗಿತು. 1950ರಲ್ಲಿ ಆರೋಗ್ಯ ಸಂಶೋಧನೆಗೆ ಶೇ 8 ಇದ್ದದ್ದು ಮೆಟ್ಟಿಲು ಮೆಟ್ಟಿಲಾಗಿ ಏರಿತು. 1960ರ ದಶಕದ ನಡುವೆ ಮಿತಿಯೇ ಹೋಗಿ, ಪ್ರತಿ ಸಂಸ್ಥೆ ಸರ್ಕಾರದೊಡನೆ ಚೌಕಾಸಿ ಮಾಡಿ ತನ್ನದೇ ದರ ಪಡೆಯುವ ಪದ್ಧತಿ ಬಂತು. 1991ರಲ್ಲಿ ವಿಶ್ವವಿದ್ಯಾಲಯವೊಂದರ ಓವರ್‌ಹೆಡ್ ಲೆಕ್ಕದಲ್ಲಿ ವಿಹಾರನೌಕೆಯ ಸವಕಳಿ ಸಿಕ್ಕಿಬಿದ್ದ ಮೇಲೆ ವಿಶ್ವವಿದ್ಯಾಲಯಗಳ ಆಡಳಿತ ವೆಚ್ಚದ ಪಾಲಿಗೆ ಶೇ 26ರ ಮಿತಿ ಬಿತ್ತು. ಕಟ್ಟಡ, ಸೌಕರ್ಯಗಳ ಪಾಲಿಗೆ ಮಿತಿ ಇಲ್ಲ. ದೊಡ್ಡ ವಿಶ್ವವಿದ್ಯಾಲಯಗಳ ದರ ಶೇ 50 ದಾಟುವುದು ಹೀಗೆ. ಹಾಗೆಂದು ಅನುದಾನದ ಅರ್ಧ ಓವರ್‌ಹೆಡ್‌ಗೆ ಹೋಯಿತು ಎಂದಲ್ಲ. 100 ಡಾಲರ್ ನೇರ ವೆಚ್ಚದ (ಯೋಜನೆಗೆಂದೇ ಆಗುವ ಖರ್ಚಿನ) ಮೇಲೆ 50 ಸೇರಿದರೆ ಒಟ್ಟು 150, ಅದರಲ್ಲಿ ಓವರ್‌ಹೆಡ್ ಮೂರನೇ ಒಂದು. ಟಿವಿ ಚರ್ಚೆಗಳಲ್ಲಿ ಈ ಭಾಗಾಕಾರ ಮಾಡುವವರು ಕಡಿಮೆ.

ಈ ಜಗಳದಲ್ಲಿ ಸುದ್ದಿಯಾಗದೆ ಉಳಿದವು ಸಣ್ಣ ಸಂಸ್ಥೆಗಳು. ಚೌಕಾಸಿಗೆ ಕೂರಬೇಕಾದರೆ ಲೆಕ್ಕಪರಿಶೋಧಿತ ಪತ್ರಗಳು ಬೇಕು, ಸಿಬ್ಬಂದಿಯ ಸಮಯದ ದಾಖಲೆ ಬೇಕು, ಯಾವ ಖರ್ಚು ಎಲ್ಲಿಗೆ ಸೇರುತ್ತದೆಂಬ ಹಂಚಿಕೆ ಪಟ್ಟಿ ಬೇಕು. ಅರೆಕಾಲಿಕ ಅಕೌಂಟೆಂಟ್ ಒಬ್ಬರೇ ಇರುವ ಸೇವಾಸಂಸ್ಥೆಗೆ ಅದು ಆಗದ ಕೆಲಸ. ಹಾಗಾಗಿ ರಾಜ್ಯ ಸರ್ಕಾರದ ಮೂಲಕ ಫೆಡರಲ್ ಹಣ ಪಡೆಯುತ್ತಿದ್ದ ಎಷ್ಟೋ ಸಂಸ್ಥೆಗಳಿಗೆ ಓವರ್‌ಹೆಡ್ ಎಂದರೆ ಕೊಟ್ಟಷ್ಟು, ಕೆಲವೊಮ್ಮೆ ಸೊನ್ನೆ. 2014ರ ಡಿಸೆಂಬರ್‌ನಲ್ಲಿ ಜಾರಿಯಾದ, ಫೆಡರಲ್ ಅನುದಾನಗಳ ಏಕರೂಪ ನಿಯಮಾವಳಿ ಇದಕ್ಕೊಂದು ದಾರಿ ಮಾಡಿತು: ದರ ಇಲ್ಲದವರು ಯಾವ ದಾಖಲೆಯನ್ನೂ ಒದಗಿಸದೆ ಶೇ 10 ಕೇಳಬಹುದು. 2024ರ ಅಕ್ಟೋಬರ್ 1ರಿಂದ ಅದು ಶೇ 15.

ಎಡವುವುದು ದರದಲ್ಲಲ್ಲ, ದರ ಹಾಕುವ ಆಧಾರ ಮೊತ್ತದಲ್ಲಿ. 2,00,000 ಡಾಲರ್‌ನ ನೇರ ವೆಚ್ಚ ಇದೆ ಎನ್ನಿ. ಅದರಲ್ಲಿ 40,000ದ ಒಂದು ಸೂಕ್ಷ್ಮದರ್ಶಕ, 80,000 ಬೇರೊಂದು ಸಂಸ್ಥೆಗೆ ಉಪ-ಅನುದಾನ. 10,000 ಡಾಲರ್ ಮುಟ್ಟಿದ ಉಪಕರಣ ಪೂರ್ತಿ ಹೊರಗೆ. ಪ್ರತಿ ಉಪ-ಅನುದಾನದಲ್ಲಿ ಮೊದಲ 50,000 ಮಾತ್ರ ಲೆಕ್ಕಕ್ಕೆ, ಉಳಿದ 30,000 ಹೊರಗೆ. ಉಳಿಯುವ ಆಧಾರ 1,30,000, ಓವರ್‌ಹೆಡ್ 19,500. ಇದನ್ನು ಮರೆತು ಇಡೀ ಮೊತ್ತಕ್ಕೆ ಶೇ 15 ಹಾಕಿದವರ ಬಜೆಟ್‌ನಲ್ಲಿ 30,000 ಇರುತ್ತದೆ. ಆ 10,500 ಡಾಲರ್ ನಂಬಿ ಆಗಲೇ ಸಂಬಳ ಕೊಟ್ಟಿದ್ದರೆ ಆಡಿಟ್ ಮುಗಿದ ಮೇಲೆ ಅದು ಕೈಯಿಂದ ಹೋಗುವ ದುಡ್ಡು. ಬಾಡಿಗೆಯನ್ನು ನೇರ ವೆಚ್ಚವೆಂದು ತೋರಿಸಿದರೆ ಅದೂ ಆಧಾರಕ್ಕೆ ಸೇರದು. ಅಕೌಂಟೆಂಟ್ ಸಂಬಳವನ್ನು ಒಂದು ಅನುದಾನದಲ್ಲಿ ನೇರ ವೆಚ್ಚ, ಇನ್ನೊಂದರಲ್ಲಿ ಓವರ್‌ಹೆಡ್ ಎಂದು ಬರೆಯುವುದಂತೂ ಆಡಿಟರ್ ಮೊದಲು ಹುಡುಕುವ ತಪ್ಪು.

ಸಣ್ಣ ಕಂಪನಿಗಳದ್ದು ಬೇರೆಯೇ ದಾರಿ. 1982ರಲ್ಲಿ ಆರಂಭವಾದ, ಸಣ್ಣ ಕಂಪನಿಗಳ ಸಂಶೋಧನೆಗೆ ಹಣ ಕೊಡುವ ಎಸ್‌ಬಿಐಆರ್ ಯೋಜನೆಯಡಿ ಎನ್‌ಐಎಚ್‌ಗೆ ಅರ್ಜಿ ಹಾಕುವಾಗ, ದರ ಇಲ್ಲದ ಕಂಪನಿ ತನ್ನ ನಿಜ ಖರ್ಚಿಗೆ ತಕ್ಕಂತೆ ನೇರ ವೆಚ್ಚದ ಶೇ 40ರವರೆಗೆ ಅಂದಾಜು ಕೊಡಬಹುದು, ಮೇಲೆ ಶೇ 7 ಲಾಭಾಂಶ. ಆದರೆ ಇಲ್ಲಿ ಅನುದಾನದ ಮಿತಿ ಒಟ್ಟು ಮೊತ್ತಕ್ಕೆ. ಓವರ್‌ಹೆಡ್ ಹೆಚ್ಚಿದಷ್ಟೂ ಪ್ರಯೋಗದ ದುಡ್ಡು ಕರಗುತ್ತದೆ. ವಿಶ್ವವಿದ್ಯಾಲಯದ ಸಂಶೋಧಕರಿಗೆ ಹಾಗಲ್ಲ. ಎನ್‌ಐಎಚ್‌ನ ಮಾಡ್ಯುಲರ್ ಬಜೆಟ್‌ನಲ್ಲಿ (ಖರ್ಚಿನ ಪೂರ್ಣ ವಿವರ ಬೇಡದ ಸರಳ ಬಜೆಟ್) ವರ್ಷಕ್ಕೆ 2,50,000 ಡಾಲರ್ ಎಂಬುದು ನೇರ ವೆಚ್ಚದ ಮಿತಿ, ಓವರ್‌ಹೆಡ್ ಅದರ ಮೇಲೆ ಬರುತ್ತದೆ. ಒಂದೇ ಇಲಾಖೆಯ ಹಣ ಪಡೆಯುವ ಈ ಇಬ್ಬರಿಗೂ ದರ ಏರಿದರೆ ಆಗುವ ಪರಿಣಾಮ ಒಂದೇ ಅಲ್ಲ ಎಂಬುದು ವಾದಗಳಲ್ಲಿ ಬಹುಮಟ್ಟಿಗೆ ಕಾಣೆ.

ರಾಜ್ಯ ಅಥವಾ ದೊಡ್ಡ ಸಂಸ್ಥೆಯ ಮೂಲಕ ಹಣ ಪಡೆಯುವ ಸೇವಾಸಂಸ್ಥೆಗಳಿಗೆ “ನಮ್ಮಲ್ಲಿ ಶೇ 5ರ ಮೇಲೆ ಕೊಡುವುದಿಲ್ಲ” ಎಂಬ ಉತ್ತರ ಬರಬಹುದು. ಫೆಡರಲ್ ಕಾನೂನು ಅಥವಾ ನಿಯಮವೇ ಹಾಗೆ ಹೇಳದಿದ್ದರೆ, ಶೇ 15ಕ್ಕೆ ಅರ್ಹರಾದವರನ್ನು ಅದಕ್ಕಿಂತ ಕಡಿಮೆ ದರಕ್ಕೆ ಒಪ್ಪಿಸುವಂತಿಲ್ಲ. ಇದು ಇರುವುದು ಏಕರೂಪ ನಿಯಮಾವಳಿಯ 200.414ರಲ್ಲಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಆ ಸಂಖ್ಯೆ ನಮೂದಿಸಿ ಪತ್ರದ ಮೂಲಕವೇ ಕೇಳುವುದು ಮೇಲು.