ಕತ್ತಲ ರಾತ್ರಿಯ ಕೆಂಡ

ಒಲೆಯಿಂದ ಕೆಂಡ ಜಾರಿ ನೆಲಕ್ಕೆ ಬಿದ್ದರೆ ನಮ್ಮ ದೊಡ್ಡವ್ವ ಇಕ್ಕಳ ಹುಡುಕುತ್ತಿರಲಿಲ್ಲ. ಎರಡು ಬೆರಳಲ್ಲಿ ಚಕ್ಕನೆ ಎತ್ತಿ ಒಲೆಗೆ ಒಗೆದು ಮತ್ತೆ ರೊಟ್ಟಿ ಬಡಿಯೋಕೆ ಕೂಡುತ್ತಿದ್ದಳು. ಬಾಯಿ ಬಿಟ್ಟು ನೋಡುತ್ತಿದ್ದ ನನಗೆ, "ಹಿಡಕೊಂಡು ಕುಂತ್ರ ಸುಡತೈತಿ, ಎತ್ತಿ ಒಗದ್ರ ಏನೂ ಆಗಂಗಿಲ್ಲ" ಅನ್ನುತ್ತಿದ್ದಳು. ಅದೇ ದೊಡ್ಡವ್ವ ಕಾದ ಕಬ್ಬಿಣದ ಹಂಚನ್ನು ಅರಿವೆ ಇಲ್ಲದೆ ಮುಟ್ಟಿದ್ದು ನಾನು ಒಮ್ಮೆಯೂ ನೋಡಿಲ್ಲ. ಕೆಂಡದ ಮುಂದೆ ಹಂಚಿನ ಬಿಸಿ ಏನೇನೂ ಅಲ್ಲ. ಆದರೂ ಅಂಜಿಕೆ ಹಂಚಿಗೆ, ಕೆಂಡಕ್ಕಲ್ಲ. ಈ ಒಗಟು ಬಿಡಿಸಿದರೆ ಅಲಾಯಿ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ಕೆಂಡ ಹಾಯುವವರ ಕಾಲಿನ ಗುಟ್ಟೂ ಮುಕ್ಕಾಲು ಪಾಲು ಬಿಡಿಸಿದಂತೆ.

ರಾಯಚೂರು, ಕೊಪ್ಪಳದ ಕಡೆಯವರಿಗೆ ಮೊಹರಂ ಅಂದರೆ ಏನೆಂದು ಹೇಳಬೇಕಿಲ್ಲ. ಮಸೀದಿ ಮುಂದಿನ ಕೆಂಡದ ಕುಣಿಗೆ ಗುದ್ದಲಿ ಬಿತ್ತೆಂದರೆ ಊರು ಬೇರೆಯೇ ಆಗುತ್ತದೆ. ಈ ಹಬ್ಬಕ್ಕೆ ಹೆಸರಾದ ಮುದಗಲ್ಲಿಗೆ ಬಸ್ಸು ತುಂಬಿ ಹೋಗುತ್ತವೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಯಲ್ಲೂ ಪಂಜಾ ದೇವರು ಕೂಡಿಸುತ್ತಾರೆ. ಲಿಂಗಾಯತರ, ಕುರುಬರ ಹುಡುಗರು ಹರಕೆ ಹೊತ್ತು ಕೊರಳಿಗೆ ಲಾಡಿ ಕಟ್ಟಿಕೊಂಡು ಫಕೀರರಾಗುತ್ತಾರೆ. ಮನೆಮನೆಯಲ್ಲಿ ಚೊಂಗೆ ಎಂಬ ಸಿಹಿ ರೊಟ್ಟಿ ಬೇಯುತ್ತದೆ, ಸಕ್ಕರೆ ಓದಿಸುತ್ತಾರೆ. ಚಂದ್ರನನ್ನು ನೋಡಿ ಎಣಿಸುವ ಮುಸ್ಲಿಮರ ಹಿಜರಿ ವರ್ಷಕ್ಕೆ ಸುಮಾರು 354 ದಿನ, ನಮ್ಮ ಯುಗಾದಿಯನ್ನು ಜಾಗದಲ್ಲೇ ಹಿಡಿದಿಡುವ ಅಧಿಕ ಮಾಸ ಅದಕ್ಕಿಲ್ಲ. ಹಾಗಾಗಿ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಕ್ಕೆ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. ಒಬ್ಬರೇ ಮನುಷ್ಯರು ಅದೇ ಕುಣಿಯನ್ನು ಬಿರುಬಿಸಿಲಲ್ಲೂ ಜಡಿಮಳೆಯಲ್ಲೂ ನೋಡಿರುತ್ತಾರೆ.

ಈಗ ಕೆಂಡಕ್ಕೆ ಬರೋಣ. ಒಂದು ವಸ್ತು ಎಷ್ಟು ಬಿಸಿಯಿದೆ ಎಂಬುದು ಒಂದು ಮಾತು, ಆ ಬಿಸಿಯನ್ನು ಎಷ್ಟು ಬೇಗ ನಮ್ಮ ಚರ್ಮಕ್ಕೆ ದಾಟಿಸುತ್ತದೆ ಎಂಬುದು ಇನ್ನೊಂದು. ಕಬ್ಬಿಣ ಶಾಖವನ್ನು ಸರಸರನೆ ಹರಿಯಬಿಡುತ್ತದೆ. ಇದ್ದಿಲು ಈ ಕೆಲಸದಲ್ಲಿ ಮಹಾ ಸೋಮಾರಿ, ಕಬ್ಬಿಣಕ್ಕಿಂತ ನೂರಾರು ಪಟ್ಟು ನಿಧಾನ. ಅದು ಹಗುರ ಬೇರೆ, ಒಳಗೆಲ್ಲ ಗಾಳಿಯ ತೂತು, ಕೂಡಿಟ್ಟ ಶಾಖವೂ ಕಡಿಮೆ. 550 ಡಿಗ್ರಿ ಸೆಲ್ಸಿಯಸ್ ಇರುವ ಕಬ್ಬಿಣದ ಮೇಲೆ ಕಾಲಿಟ್ಟರೆ ಪಾದ ತಾಗಿದ ಜಾಗ ಆ ಕ್ಷಣಕ್ಕೇ ಸುಮಾರು 500 ಡಿಗ್ರಿ ಮುಟ್ಟುತ್ತದೆ ಎಂದು ಲೆಕ್ಕ ಹೇಳುತ್ತದೆ. ಅಷ್ಟೇ ಬಿಸಿಯ ಇದ್ದಿಲಾದರೆ ಅದೇ ಲೆಕ್ಕ ನೂರರ ಒಳಗೇ ನಿಲ್ಲುತ್ತದೆ. ನೂರು ಡಿಗ್ರಿಗೂ ಚರ್ಮ ಬೇಯುತ್ತದೆ, ನಿಜ. ಅದಕ್ಕೆ ಹೊತ್ತು ಬೇಕು. ನಡೆಯುವವನ ಪಾದ ಒಂದು ಸಲಕ್ಕೆ ಅರ್ಧ ಸೆಕೆಂಡಿನ ಆಸುಪಾಸು ಮಾತ್ರ ಕೆಂಡದ ಮೇಲೆ ಇರುತ್ತದೆ. ಬರಿಗಾಲಲ್ಲಿ ಹೊಲ ತಿರುಗಿದ ಅಂಗಾಲು ದಪ್ಪಗಿರುತ್ತದೆ, ಕೆಂಡದ ಮೇಲೆ ಬೂದಿಯ ಹೊದಿಕೆಯೂ ಇರುತ್ತದೆ. ದೊಡ್ಡವ್ವನ 'ಎತ್ತಿ ಒಗೆಯೋದು' ಇಷ್ಟೇ.

ಲೆಕ್ಕ ತಪ್ಪಿಸಿಕೊಂಡವರು ಬೊಬ್ಬೆ ಎದ್ದ ಕಾಲು ಹೊತ್ತು ಬರುವುದೂ ಉಂಟು. ನಡುವೆ ನಿಂತರೆ ಸುಡುತ್ತದೆ. ಹೆದರಿ ಓಡಿದರೂ ಕಷ್ಟ, ಪಾದ ಕೆಂಡದೊಳಗೆ ಹೂತು ಮೇಲ್ಭಾಗದ ತೆಳು ಚರ್ಮಕ್ಕೂ ತಾಗುತ್ತದೆ. ಕಟ್ಟಿಗೆಯ ಜತೆ ಒಂದು ಮೊಳೆ ಬಿದ್ದಿದ್ದರೂ ಸಾಕು. ಇದನ್ನೆಲ್ಲ ಓದಿಕೊಂಡು ಮನೆಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ.

ಕೆಂಡ ಹಾಯುವುದು ನಮ್ಮಲ್ಲಿ ಒಂದೇ ಹಬ್ಬದ ಸೊತ್ತಲ್ಲ. ವೀರಭದ್ರನ ಜಾತ್ರೆಯಲ್ಲಿ ಪುರವಂತರು ಒಡಪು ಹೇಳುತ್ತ ಅಗ್ಗಿ ಹಾಯುತ್ತಾರೆ. ಗ್ರೀಸ್ ದೇಶದ ಲಂಗಡಾಸ್‌ನಲ್ಲಿ ಮೇ 21ರ ಹಬ್ಬಕ್ಕೆ ಸಂತರ ಪಟ ಹಿಡಿದು ಕೆಂಡದ ಮೇಲೆ ಕುಣಿಯುತ್ತಾರೆ. ಜಪಾನಿನ ತಕಾವೊ ಬೆಟ್ಟದಲ್ಲಿ ಮಾರ್ಚ್ ತಿಂಗಳಲ್ಲಿ ಸನ್ಯಾಸಿಗಳ ಹಿಂದೆ ಊರ ಜನರೂ ಹಾಯುತ್ತಾರೆ. ಸಿಂಗಪುರದ ಮಾರಿಯಮ್ಮನ ಗುಡಿಯಲ್ಲಿ ದೀಪಾವಳಿಗೆ ಮುಂಚೆ ತೀಮಿದಿ ಎಂಬ ಕೆಂಡ ಹಾಯುವ ಸೇವೆ. 1935ರಲ್ಲಿ ಕಾಶ್ಮೀರದ ಖುದಾ ಬಕ್ಷ್ ಇಂಗ್ಲೆಂಡಿನ ಸರ್ರೆಯಲ್ಲಿ ವಿಜ್ಞಾನಿಗಳ ಎದುರೇ ನಡೆದು ತೋರಿಸಿದ. ಅಂದು ಅಳೆದಾಗ ಕೆಂಡದ ಮೇಲ್ಮೈ 430 ಡಿಗ್ರಿ ಇತ್ತು.

ಕಾಲಿನ ವಿಚಾರ ತಿಳಿಯಿತಲ್ಲ, ಇನ್ನೇನು ಅನ್ನುವವರಿದ್ದಾರೆ. ನನಗಂತೂ ಇಲ್ಲಿಂದ ಮುಂದಿನದೇ ಹೆಚ್ಚು ರುಚಿ. ಸ್ಪೇನಿನ ಸಾನ್ ಪೆದ್ರೊ ಮಾನ್ರಿಕೆ ಎಂಬ ಪುಟ್ಟ ಊರಲ್ಲಿ ಜೂನ್ 23ರ ರಾತ್ರಿ ಕೆಂಡ ಹಾಯುತ್ತಾರೆ, ಅದೂ ಹೆಚ್ಚಿನವರು ತಮ್ಮವರೊಬ್ಬರನ್ನು ಬೆನ್ನ ಮೇಲೆ ಹೊತ್ತುಕೊಂಡು. ಸಂಶೋಧಕರಾದ ಇವಾನಾ ಕೊನ್ವಾಲಿಂಕಾ, ದಿಮಿತ್ರಿಸ್ ಕ್ಸಿಗಲಾಟಸ್ ಮತ್ತವರ ಸಂಗಡಿಗರು ಅಲ್ಲಿ ಎದೆಬಡಿತ ಅಳೆಯುವ ಪಟ್ಟಿ ಕಟ್ಟಿ ಕೂತರು. 12 ಮಂದಿ ಹಾಯುವವರು, ಅವರ ನಂಟರು ಗೆಳೆಯರು 9 ಮಂದಿ, ಸುಮ್ಮನೆ ನೋಡಲು ಬಂದ ಪರವೂರವರು 17 ಮಂದಿ. 2011ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಹಾಯುವವರ ಎದೆಬಡಿತ ಏರಿ ಇಳಿದ ಹಾಗೆಯೇ ಕೂತಲ್ಲಿ ಕೂತಿದ್ದ ನಂಟರದ್ದೂ ಏರಿ ಇಳಿದಿತ್ತು. ಪರವೂರವರದ್ದು ಹಾಗಾಗಿರಲಿಲ್ಲ. ನೋಡಿದ್ದು ಎಲ್ಲರೂ ಅದೇ ಕೆಂಡವನ್ನು, ಕೇಳಿದ್ದು ಅದೇ ಕೂಗನ್ನು. ಮೈ ಕೈ ಅಲ್ಲಾಡಿಸದವರ ಎದೆ ಇನ್ನೊಬ್ಬರ ಎದೆಯ ಜತೆ ಹೆಜ್ಜೆ ಹಾಕಿತ್ತು.

ಇದನ್ನು ಓದಿದಾಗ ನೆನಪಾದದ್ದು ನಮ್ಮ ಅಣ್ಣ ಹರಕೆ ತೀರಿಸಿದ ಮೊಹರಂನ ಕತ್ತಲ ರಾತ್ರಿ. ಜಾಲಿ ಕಟ್ಟಿಗೆ ಉರಿದು ಕುಣಿ ಕೆಂಪಗಾಗಿತ್ತು. ಹಲಗೆಯ ಸದ್ದಿಗೆ ಕಿವಿ ಗಂಯ್ಗುಡುತ್ತಿತ್ತು, ಲೋಬಾನದ ಹೊಗೆಗೆ ಕಣ್ಣು ಉರಿಯುತ್ತಿತ್ತು. ದೊಡ್ಡವ್ವ ನನ್ನ ಕೈ ಹಿಡಿದು ಕುಣಿಯ ದಂಡೆಗೆ ನಿಂತಿದ್ದಳು. ಅಣ್ಣ ಐದೇ ಹೆಜ್ಜೆಯಲ್ಲಿ ಆಚೆ ದಾಟಿದ. ಬರಿಬೆರಳಲ್ಲಿ ಕೆಂಡ ಎತ್ತುವ ಆ ಕೈ ಅವನು ದಾಟುವ ತನಕ ತಣ್ಣಗೆ ಬೆವೆತಿತ್ತು.