ದ್ಯುತಿಸಂಶ್ಲೇಷಣೆಯಲ್ಲಿ ಕ್ವಾಂಟಮ್ ಪರಿಣಾಮ: ಎಲ್ಲಿ ನೋಡಬೇಕು?

ಬ್ಯಾಕ್ಟೀರಿಯಾಗಳ ಹರಿತ್ತಾದ ಬ್ಯಾಕ್ಟೀರಿಯೊಕ್ಲೋರೊಫಿಲ್-ಎ ದ್ರಾವಕದಲ್ಲಿ ಸುಮಾರು 770 ನ್ಯಾನೊಮೀಟರ್ ಬೆಳಕನ್ನು ಹೀರುತ್ತದೆ. ನೇರಳೆ ಬ್ಯಾಕ್ಟೀರಿಯಾ ರೋಡೋಸ್ಯೂಡೋಮೊನಾಸ್ ಆಸಿಡೋಫಿಲಾದ ಬೆಳಕು ಹಿಡಿಯುವ ಎಲ್‌ಎಚ್‌2 ಪ್ರೋಟೀನ್‌ನಲ್ಲಿ ಅದೇ ಅಣು ಎರಡು ಉಂಗುರಗಳಲ್ಲಿ ಕೂತಿದೆ. 9 ಅಣುಗಳ ಉಂಗುರ 800 ನ್ಯಾನೊಮೀಟರ್‌ನಲ್ಲಿ ಹೀರಿದರೆ, 18 ಅಣುಗಳದ್ದು 850ರಲ್ಲಿ. 770ರಿಂದ ಹೀಗೆ ಸರಿಯುವುದರಲ್ಲಿ ಒಂದು ಪಾಲು ಸುತ್ತಲಿನ ಪ್ರೋಟೀನ್‌ನದು. ಆದರೆ ದೊಡ್ಡ ಉಂಗುರದಲ್ಲಿ ನೆರೆ ಅಣುಗಳ ಅಂತರ ಸುಮಾರು 9 ಆಂಗ್‌ಸ್ಟ್ರಮ್ (0.9 ನ್ಯಾನೊಮೀಟರ್) ಮಾತ್ರ (ಚಿಕ್ಕದರಲ್ಲಿ 21). ಹಾಗಾಗಿ ಹೀರಿದ ಶಕ್ತಿ ಒಂದೇ ಅಣುವಿನಲ್ಲಿ ನಿಲ್ಲದೆ ಹಲವು ಅಣುಗಳಿಗೆ ಹರಡಿಕೊಳ್ಳುತ್ತದೆ. ಇದೇ ಎಕ್ಸಿಟಾನ್. ನಿಜವಾದ ಕ್ವಾಂಟಮ್ ಪರಿಣಾಮ ಇಲ್ಲಿದೆ, ಮೊದಲು ಇದನ್ನೇ ಗಟ್ಟಿ ಮಾಡಿಕೊಳ್ಳಿ.

ಎರಡೇ ಅಣುಗಳ ಲೆಕ್ಕ ಮಾಡಿ ನೋಡೋಣ. ಹಸಿರು ಗಂಧಕ ಬ್ಯಾಕ್ಟೀರಿಯಾದ ಎಫ್‌ಎಂಒ ಪ್ರೋಟೀನ್‌ಗೆ (ಇದರಲ್ಲೂ ಇದೇ ಅಣುಗಳಿವೆ) ಹೊಂದುವ ಅಂಕಿಗಳು: ಅಣುಗಳ ಶಕ್ತಿ ವ್ಯತ್ಯಾಸ 120, ಕಪ್ಲಿಂಗ್ (ಅಣುಗಳು ಒಂದರ ಮೇಲೊಂದು ಬೀರುವ ಪ್ರಭಾವ) 90, ಎರಡೂ ಪ್ರತಿ ಸೆಂಟಿಮೀಟರ್ ಎಂಬ ಶಕ್ತಿಯ ಮಾನದಲ್ಲಿ. ವ್ಯತ್ಯಾಸದ ಅರ್ಧ ತೆಗೆದುಕೊಂಡರೆ √(60² + 90²) ≈ 108. ಹೊಸ ಎರಡು ಮಟ್ಟಗಳು ಸರಾಸರಿಯಿಂದ ಅಷ್ಟಷ್ಟು ಮೇಲೆ-ಕೆಳಗೆ ಹೋಗುತ್ತವೆ, ಅಂದರೆ ನಡುವಿನ ಅಂತರ 216. ಎರಡು ಅಣುಗಳು ಎಷ್ಟು ಬೆರೆತಿವೆ ಎಂದು ಹೇಳುವ ಮಿಶ್ರಣ ಕೋನದ ಎರಡರಷ್ಟರ ಟ್ಯಾಂಜೆಂಟ್ 180/120 = 1.5, ಆದ್ದರಿಂದ ಪ್ರತಿ ಮಟ್ಟದಲ್ಲೂ ಒಂದು ಅಣುವಿನ ಪಾಲು ಶೇ 78, ಇನ್ನೊಂದರದು ಶೇ 22.

ಈ ಎರಡು ಮಟ್ಟಗಳ ನಡುವಿನ ಕೊಹೆರೆನ್ಸ್ (ಅಲೆಗಳಾಗಿ ಅವು ತಾಳ ತಪ್ಪದೆ ಇರುವುದು) ಎಷ್ಟು ಹೊತ್ತಿಗೊಮ್ಮೆ ತೂಗುತ್ತದೆ? 33,356ನ್ನು (ಬೆಳಕಿನ ವೇಗದಿಂದ ಬರುವ ಸಂಖ್ಯೆ) 216ರಿಂದ ಭಾಗಿಸಿದರೆ ಫೆಮ್ಟೊಸೆಕೆಂಡ್‌ನಲ್ಲಿ (ಸೆಕೆಂಡಿನ 10¹⁵ರಲ್ಲಿ ಒಂದು ಪಾಲು) ಉತ್ತರ: ಸುಮಾರು 154. ಹೆಚ್ಚಿನವರು ಎಡವುವುದು ಇಲ್ಲೇ. 216ರ ಬದಲು 120 ಹಾಕಿದರೆ, ಅಥವಾ ಕೋನೀಯ ಆವರ್ತನದಿಂದ ಲೆಕ್ಕ ಮಾಡುವಾಗ 2π ಸೇರಿಸಲು ಮರೆತರೆ, ಉತ್ತರ ಪೂರ್ತಿ ಹಾಳು.

2007ರಲ್ಲಿ 77 ಕೆಲ್ವಿನ್‌ನಲ್ಲಿ ಎಫ್‌ಎಂಒ ಮೇಲೆ ನಡೆದ ಪ್ರಯೋಗದಲ್ಲಿ ಇಂಥ ತೂಗಾಟ 660 ಫೆಮ್ಟೊಸೆಕೆಂಡ್‌ವರೆಗೂ ಕಂಡಿತು. ಶಕ್ತಿ ಅಲೆಯಾಗಿ ಏಕಕಾಲಕ್ಕೆ ಎಲ್ಲ ದಾರಿಗಳನ್ನೂ ಹುಡುಕುತ್ತದೆ ಎಂಬ ಮಾತು ಹಬ್ಬಿದ್ದು ಆಗಲೇ. 2017ರಲ್ಲಿ 296 ಕೆಲ್ವಿನ್‌ನಲ್ಲಿ ಅಳೆದಾಗ ಎಲೆಕ್ಟ್ರಾನಿಕ್ ಕೊಹೆರೆನ್ಸ್ ಸುಮಾರು 60 ಫೆಮ್ಟೊಸೆಕೆಂಡ್‌ನಲ್ಲೇ ಕರಗಿತ್ತು. ಮೇಲಿನ 154ರ ಪಕ್ಕ ಇದನ್ನಿಡಿ: ಅರ್ಧ ತೂಗಾಟಕ್ಕೂ ಸಾಲದು! ದೀರ್ಘಕಾಲ ಉಳಿದದ್ದು ಬಹುಪಾಲು ಅಣುಗಳ ಕಂಪನ. ಬ್ಯಾಕ್ಟೀರಿಯೊಕ್ಲೋರೊಫಿಲ್ ಅಣುವಿಗೆ ಪ್ರತಿ ಸೆಂಟಿಮೀಟರ್‌ಗೆ 180ರ ಆಸುಪಾಸಿನಲ್ಲಿ ಒಂದು ಕಂಪನವಿದೆ, ಅದರ ಅವಧಿ 185 ಫೆಮ್ಟೊಸೆಕೆಂಡ್. 154 ಮತ್ತು 185 ಇಷ್ಟು ಹತ್ತಿರವಿರುವಾಗ ಅವಧಿಯೊಂದನ್ನೇ ನೋಡಿ ತೂಗಾಟ ಕೊಹೆರೆನ್ಸ್‌ನದೋ ಕಂಪನದ್ದೋ ಎಂದು ಹೇಳಲಾಗದು.

ಇನ್ನೊಂದು ತುದಿಯ ತಪ್ಪೂ ಇದೆ: ಹಾಗಿದ್ದರೆ ಶಕ್ತಿ ಅಣುವಿನಿಂದ ಅಣುವಿಗೆ ಜಿಗಿಯುವ ದರ ಕೊಡುವ ಫೋರ್ಸ್ಟರ್ ಸೂತ್ರವೇ ಎಲ್ಲೆಡೆ ಸಾಕು ಎನ್ನುವುದು. ಎಲ್‌ಎಚ್‌2ನಲ್ಲಿ 800ರ ಉಂಗುರದಿಂದ 850ರದ್ದಕ್ಕೆ ಶಕ್ತಿ ಒಂದು ಪಿಕೊಸೆಕೆಂಡ್‌ಗಿಂತ (1,000 ಫೆಮ್ಟೊಸೆಕೆಂಡ್) ತುಸು ಬೇಗ ದಾಟುತ್ತದೆ. ಹೀರಿಕೆಯ ರೋಹಿತವನ್ನಷ್ಟೇ ಸೂತ್ರಕ್ಕೆ ಹಾಕಿದರೆ ವೇಗ ಕಡಿಮೆ ಬರುತ್ತದೆ. ಏಕೆಂದರೆ ದೊಡ್ಡ ಉಂಗುರದ ಮೇಲ್ಮಟ್ಟದ ಎಕ್ಸಿಟಾನ್‌ಗಳು ಬೆಳಕನ್ನು ಅಷ್ಟಾಗಿ ಹೀರುವುದಿಲ್ಲ, ರೋಹಿತದಲ್ಲಿ ಕಾಣುವುದೂ ಇಲ್ಲ. ಆದರೂ ಹತ್ತಿರದ ಅಣುವಿನಿಂದ ಶಕ್ತಿ ಪಡೆಯುತ್ತವೆ. ಆದ್ದರಿಂದ ಉಂಗುರದೊಳಗೆ ಮೊದಲು ಎಕ್ಸಿಟಾನ್ ಮಟ್ಟಗಳನ್ನು ಬಿಡಿಸಿ, ಆಮೇಲೆ ಉಂಗುರಗಳ ನಡುವೆ ಅಣು-ಅಣುವಿನ ಕಪ್ಲಿಂಗ್ ಹಾಕಿ ದರ ಲೆಕ್ಕ ಹಾಕಿ.